‘ಲೀಟರಿಗೆ ಎಷ್ಟು ಕೊಡುತ್ತೆ ಸಾರ್?’

ಹಳೆಯ ದೊಡ್ಡ ಕಾರುಗಳನ್ನು ಇಟ್ಟುಕೊಂಡಿರುವ ಓದುಗರು ತಮ್ಮ ತೊಂದರೆಗಳನ್ನು ಬರೆದು ಕಳಿಸಬಹುದೆಂದು ಕಳೆದ ತಿಂಗಳು ಈ ಅಂಕಣದಲ್ಲಿ ಕೇಳಿದ್ದೆ. ಕಾರ್ಬ್ಯುರೇಟರು, ಬ್ರೇಕು, ಸಿಗದ ಬಿಡಿಭಾಗಗಳು ಇವುಗಳ ಬಗ್ಗೆ ಪತ್ರಗಳು ಬಂದಾವು ಎಂದುಕೊಂಡಿದ್ದೆ. ಬಂದವುಗಳಲ್ಲಿ ಮುಕ್ಕಾಲು ಪಾಲು ನೆರೆಹೊರೆಯವರ, ನೆಂಟರ, ದಾರಿಹೋಕರ ಬಗ್ಗೆ ಇವೆ. ನನ್ನ ಮನೆಯಲ್ಲೂ 1951ರ ಡಾಡ್ಜ್ ಕಿಂಗ್ಸ್‌ವೇ ಇರುವುದರಿಂದ ಈ ಪತ್ರಗಳ ಸಂಕಟ ನನಗೆ ಹೊಸದಲ್ಲ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ನಾನು 1990ರ ಕಾಂಟೆಸ್ಸಾ ಕೊಂಡು ಮೂರು ವರ್ಷವಾಯಿತು. ನಮ್ಮ ಬೀದಿಯಲ್ಲಿ ಮನೆಗೊಂದು ಕಾರಿದೆ. ಆದರೆ ‘ಜಾಗ ತಿನ್ನುವ ಕಾರು’ ಎಂಬ ಹೆಸರು ನನ್ನದಕ್ಕೆ ಮಾತ್ರ. ಎದುರು ಮನೆಯವರು ‘ಈ ಹಡಗನ್ನು ಯಾವಾಗ ಮಾರುತ್ತೀರಿ’ ಎಂದು ವಾರಕ್ಕೊಮ್ಮೆ ಕೇಳುತ್ತಾರೆ. — ಓದುಗರು, ಹಾಸನ

ನಿಮ್ಮ ಕಾಂಟೆಸ್ಸಾ ಸುಮಾರು 4.59 ಮೀಟರ್ ಉದ್ದ, 1.70 ಮೀಟರ್ ಅಗಲ ಇದೆ. ಈಗ ಎಲ್ಲ ಬೀದಿಗಳಲ್ಲೂ ನಿಂತಿರುವ ಇನ್ನೋವಾ ಕ್ರಿಸ್ಟಾ 4.73 ಮೀಟರ್ ಉದ್ದ, 1.83 ಮೀಟರ್ ಅಗಲ. ಅಂದರೆ ಅದು ಉದ್ದದಲ್ಲೂ ಅಗಲದಲ್ಲೂ ನಿಮ್ಮ ‘ಹಡಗಿ’ಗಿಂತ ದೊಡ್ಡದು, ಆದರೂ ಅದನ್ನು ಯಾರೂ ಹಡಗು ಎನ್ನುವುದಿಲ್ಲ. ಎತ್ತರದ ಗಾಡಿಯ ಉದ್ದ ಕಣ್ಣಿಗೆ ಬೀಳುವುದಿಲ್ಲ. ಕಾಂಟೆಸ್ಸಾದ ಹಾಗೆ ಬಾನೆಟ್ಟನ್ನೂ ಡಿಕ್ಕಿಯನ್ನೂ ಚಪ್ಪಟೆಯಾಗಿ ಚಾಚಿಕೊಂಡು ನೆಲಕ್ಕೆ ಹತ್ತಿರ ಕುಳಿತ ಗಾಡಿಯಲ್ಲಿ ಕಣ್ಣು ಆ ತುದಿಯಿಂದ ಈ ತುದಿಯವರೆಗೆ ಓಡಿ ಉದ್ದವನ್ನಷ್ಟೇ ಅಳೆಯುತ್ತದೆ.

ಹಾಗೆಂದು ಟೇಪು ಹಿಡಿದು ಎದುರು ಮನೆಗೆ ಹೋಗಬೇಡಿ. ಅವರ ದೂರು ಅಳತೆಯದ್ದಲ್ಲ ಎಂದು ನನ್ನ ಗುಮಾನಿ. ಉಳಿದ ಕಾರುಗಳು ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಏಳಕ್ಕೆ ಬರುತ್ತವೆ. ನಿಮ್ಮದು ಸೋಮವಾರದಿಂದ ಶನಿವಾರದವರೆಗೆ ಹೊದಿಕೆ ಹೊದ್ದು ಒಂದೇ ಕಡೆ ನಿಂತಿರುತ್ತದೆ, ಅದರಡಿಯಲ್ಲಿ ನಾಯಿ ಮಲಗುತ್ತದೆ, ಎಲೆ ಕೊಳೆಯುತ್ತದೆ, ಗೇರ್‌ಬಾಕ್ಸಿನಿಂದ ತೊಟ್ಟಿಕ್ಕಿದ ಎಣ್ಣೆ ಕಲೆ ದಿನಕ್ಕೊಂದಿಂಚು ಬೆಳೆಯುತ್ತದೆ. ಬೀದಿಯವರಿಗೆ ಕಾಣುವುದು ನಿಂತ ಕಾರು, ಓಡುವ ಕಾರಲ್ಲ. ವಾರಕ್ಕೆ ಎರಡು ಸಲವಾದರೂ ತೆಗೆದು ಓಡಿಸಿ, ಮರಳಿ ಬಂದಾಗ ನಾಲ್ಕಡಿ ಆಚೀಚೆ ನಿಲ್ಲಿಸಿ, ಅಡಿಯಲ್ಲೊಂದು ತಗಡಿನ ತಟ್ಟೆ ಇಡಿ. ನಾನು ನಮ್ಮ ಬೀದಿಯಲ್ಲಿ ಹೀಗೆ ಮಾಡಿದ ಮೇಲೆ ದೂರು ನಿಂತಿತು. ಕಾರಿಗೂ ಅದು ಒಳ್ಳೆಯದೇ, ನಿಂತಷ್ಟೂ ಕೆಡುವ ಯಂತ್ರ ಅದು.

ಮಾವನವರು ತೀರಿಕೊಂಡ ಮೇಲೆ ಅವರ 1963ರ ಶೆವ್ರೊಲೆ ಇಂಪಾಲಾ ನಮ್ಮ ಪಾಲಿಗೆ ಬಂದಿದೆ. ನಾನು ಪ್ರೌಢಶಾಲೆಯ ಶಿಕ್ಷಕ. ಕಾರು ಬಂದ ವರ್ಷ ಗಣಪತಿ ಚಂದಾ ಕೇಳಲು ಬಂದ ಹುಡುಗರು ಐನೂರರ ರಸೀದಿ ಹರಿಯಲು ಒಪ್ಪಲಿಲ್ಲ, ಐದು ಸಾವಿರ ಎಂದರು. ಪರಿಚಯದವರು ಸಾಲ ಕೇಳುತ್ತಾರೆ. ಸಹೋದ್ಯೋಗಿಗಳು ‘ಸಾಹುಕಾರರು ಬಂದರು’ ಎನ್ನುತ್ತಾರೆ. ಕಾರಿನ ಬೆಲೆ ಎಷ್ಟೆಂದು ಕೇಳಿದರೆ ಏನು ಹೇಳಬೇಕು? — ಓದುಗರು, ಚಿಕ್ಕಮಗಳೂರು

ನಿಮ್ಮ ಕಾರನ್ನು ನೋಡಿ ಜನ ಸಾಹುಕಾರ ಎನ್ನುವುದರ ಹಿಂದೆ ಒಂದು ಚರಿತ್ರೆಯಿದೆ. ಜನರಲ್ ಮೋಟಾರ್ಸ್ 1928ರಿಂದ ಮುಂಬೈಯ ಶಿವಡಿಯಲ್ಲಿ ಶೆವ್ರೊಲೆಗಳನ್ನು ಜೋಡಿಸುತ್ತಿತ್ತು, ಫೋರ್ಡ್ ಕೂಡ ಅದೇ ನಗರದಲ್ಲಿ ಕೆಲಸ ಮಾಡುತ್ತಿತ್ತು. ಇಲ್ಲೇ ತಯಾರಿಸುವ ಯೋಜನೆಯಿಲ್ಲದೆ ಬರೀ ಜೋಡಿಸುವವರು ಬೇಡ ಎಂದು 1953ರಲ್ಲಿ ಸರ್ಕಾರ ನೀತಿ ಮಾಡಿದ ಮೇಲೆ ಇಬ್ಬರೂ ಬಾಗಿಲು ಹಾಕಿದರು. ಅಲ್ಲಿಂದ 1983ರ ಕೊನೆಗೆ ಮಾರುತಿ ಬರುವವರೆಗೆ ಸಾಮಾನ್ಯರ ಕಣ್ಣಿಗೆ ಬೀಳುತ್ತಿದ್ದ ಕಾರುಗಳೆಂದರೆ ಅಂಬಾಸಿಡರ್, ಫಿಯೆಟ್ ಮತ್ತು ಸ್ಟ್ಯಾಂಡರ್ಡ್. ಆ ಕಾಲದಲ್ಲಿ ಇಂಪಾಲಾದಂಥ ಗಾಡಿಗಳು ಬಹುಮಟ್ಟಿಗೆ ರಾಯಭಾರ ಕಚೇರಿಗಳ ಮೂಲಕ ಒಳಗೆ ಬಂದು, ಆಮೇಲೆ ಕೇಂದ್ರ ಸರ್ಕಾರದ ರಾಜ್ಯ ವ್ಯಾಪಾರ ನಿಗಮದ (ಎಸ್‌ಟಿಸಿ) ಹರಾಜಿನಲ್ಲಿ ಕೈ ಬದಲಾಯಿಸುತ್ತಿದ್ದವು. ಹಾಗಾಗಿ ಒಂದು ಇಡೀ ತಲೆಮಾರು ಅಂಥ ಕಾರಿನಲ್ಲಿ ಕಂಡದ್ದು ಅರಮನೆಯವರನ್ನು, ಎಸ್ಟೇಟ್ ಧಣಿಗಳನ್ನು, ಸಿನಿಮಾ ನಟರನ್ನು, ಸಿನಿಮಾದೊಳಗಿನ ಕಳ್ಳಸಾಗಣೆಯ ಖಳನನ್ನು. ಬಾಗಿಲು ತೆರೆದು ಇಳಿಯುವವನು ಮೇಷ್ಟ್ರಾಗಿರಬಹುದೆಂದು ಊಹಿಸಲು ಅವರಿಗೆ ಯಾರೂ ಕಲಿಸಿಲ್ಲ.

ತಮಾಷೆಯೆಂದರೆ, ಆ ಕಾರು ಹುಟ್ಟಿದ ಊರಿನಲ್ಲಿ ಇಂಪಾಲಾ ಮಧ್ಯಮವರ್ಗದ ಸಂಸಾರದ ಗಾಡಿ. ವರ್ಷಕ್ಕೆ ಲಕ್ಷಗಟ್ಟಲೆ ಮಾರಾಟವಾಗುತ್ತಿತ್ತು, ಅಮೆರಿಕದ ಶಾಲಾ ಮೇಷ್ಟ್ರೂ ಕೊಳ್ಳುತ್ತಿದ್ದರು. ಆದರೆ ಸುಮಾರು 5.3 ಮೀಟರ್ ಉದ್ದ, ಎರಡು ಮೀಟರ್ ಅಗಲದ ಕಾರು ನಮ್ಮ ಬೀದಿಗೆ ಬಂದಾಗ ಅದರ ಜಾತಿ ಬದಲಾಗಿಬಿಡುತ್ತದೆ. ಪಕ್ಕದ ಮನೆಯಲ್ಲಿ ಇಂದಿನ ಲೆಕ್ಕದಲ್ಲಿ ನಿಮ್ಮ ಮೂರು ವರ್ಷದ ಸಂಬಳದ ಹೊಸ ಎಸ್‌ಯುವಿ ನಿಂತಿದ್ದರೂ ಅದರ ಒಡೆಯರನ್ನು ಯಾರೂ ಸಾಲ ಕೇಳುವುದಿಲ್ಲ. ಅದು ಬ್ಯಾಂಕಿನ ಸಾಲದಲ್ಲಿ ಬಂದದ್ದೆಂದು ಊರಿಗೆಲ್ಲ ಗೊತ್ತು.

ಬೆಲೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾಗಿಯೇ ಇದೆ: ಹೇಳಬೇಡಿ. ಕಡಿಮೆ ಹೇಳಿದರೆ ‘ನಮಗೂ ಒಂದು ಕೊಡಿಸಿ’ ಎನ್ನುತ್ತಾರೆ, ಹೆಚ್ಚು ಹೇಳಿದರೆ ನಿಮ್ಮ ಬುದ್ಧಿಯ ಬಗ್ಗೆ ನಿಮ್ಮ ಹೆಂಡತಿಯ ಬಳಿ ವಿಚಾರಿಸುತ್ತಾರೆ. ನಿಜ ಹೇಳಿದರೆ ಯಾರೂ ನಂಬುವುದಿಲ್ಲ. ಪಿತ್ರಾರ್ಜಿತ ಎಂದು ಹೇಳಿ ಮಾತು ಮುಗಿಸಬಹುದು, ನಿಮ್ಮ ಸಂದರ್ಭದಲ್ಲಿ ಅದು ಹೆಚ್ಚುಕಡಿಮೆ ನಿಜವೂ ಹೌದು. ಚಂದಾ ಕೇಳಲು ಬಂದ ಹುಡುಗರಿಗೆ, ‘ಕಾರು ಮಾವನದು, ಸಂಬಳ ನನ್ನದು’ ಎಂದು ನಗುತ್ತಲೇ ಹೇಳಿ ಐನೂರೇ ಕೊಡಿ. ಬೇಕಿದ್ದರೆ ವಿಸರ್ಜನೆಯ ದಿನ ಮಕ್ಕಳನ್ನು ಕೂರಿಸಿಕೊಂಡು ಒಂದು ಸುತ್ತು ಬನ್ನಿ.

ಅದಕ್ಕಿಂತ ಒಳ್ಳೆಯ ಮದ್ದು ಇನ್ನೊಂದಿದೆ. ಕಾರು ನಿಲ್ಲಿಸಿದ ಎರಡು ನಿಮಿಷದಲ್ಲಿ ಬರುವ ಪ್ರಶ್ನೆ ಬೆಲೆಯದ್ದಲ್ಲ, ‘ಲೀಟರಿಗೆ ಎಷ್ಟು ಕೊಡುತ್ತೆ ಸಾರ್?’ ಎಂಬುದು. ಇದಕ್ಕೆ ಮಾತ್ರ ಪೂರ್ತಿ ಸತ್ಯ ಹೇಳಿ. ನನ್ನ ಡಾಡ್ಜ್ ಊರೊಳಗೆ ಐದು, ಹೆದ್ದಾರಿಯಲ್ಲಿ ಆರು ಕಿಲೋಮೀಟರ್ ಕೊಡುತ್ತದೆ. ಐದು ಎಂದು ಕೇಳಿದ ಕೂಡಲೇ ಎದುರಿಗಿದ್ದವರ ಮುಖ ಬದಲಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಲ್ಲಿಯವರೆಗೆ ಹೊಟ್ಟೆಕಿಚ್ಚೋ ಸಂಶಯವೋ ಇದ್ದ ಕಡೆ ಮರುಕ ಹುಟ್ಟುತ್ತದೆ. ‘ಐದಾ! ಹೆಂಗ್ ಸಾರ್ ಸಾಕ್ತೀರಾ?’ ಎನ್ನುತ್ತಾರೆ, ಆನೆ ಸಾಕಿದವರನ್ನು ಮಾತಾಡಿಸುವ ದನಿಯಲ್ಲಿ. ಮರುಕಪಟ್ಟವರು ಸಾಲ ಕೇಳುವುದಿಲ್ಲ.

ರಾಯಭಾರ ಕಚೇರಿಯಿಂದ ಬಂದ ಕಾರಾದರೆ ನಿಮ್ಮದು ಎಡಗಡೆ ಸ್ಟೇರಿಂಗ್‌ನದ್ದೂ ಆಗಿರಬಹುದು. ಹಾಗಿದ್ದರೆ ಬಲಬದಿಯ ಮುಂದಿನ ಸೀಟಿನಲ್ಲಿ ಕುಳಿತವರನ್ನೇ ಜನ ಚಾಲಕರೆಂದುಕೊಳ್ಳುವುದಕ್ಕೂ, ಆ ಸೀಟು ಖಾಲಿಯಿದ್ದಾಗ ಮಕ್ಕಳು ‘ಡ್ರೈವರೇ ಇಲ್ಲ’ ಎಂದು ಕೂಗುವುದಕ್ಕೂ ಸಿದ್ಧರಾಗಿರಿ.

ನಾನು ಗೃಹಿಣಿ, ವಯಸ್ಸು 46. ತಂದೆಯವರ 1968ರ ಅಂಬಾಸಿಡರ್ ಮಾರ್ಕ್ 2 ಅನ್ನು ನಾನೇ ಓಡಿಸುತ್ತೇನೆ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ‘ನೀವೇ ಓಡಿಸ್ತೀರಾ ಮೇಡಂ?’ ಎಂಬ ಪ್ರಶ್ನೆ. ಪೆಟ್ರೋಲ್ ಬಂಕಿನಲ್ಲಿ ನನ್ನ ಜೊತೆ ಬಂದ ಹತ್ತೊಂಬತ್ತರ ಮಗನ ಬಳಿ ಕಾರಿನ ಬಗ್ಗೆ ಕೇಳುತ್ತಾರೆ. ಅವನಿಗೆ ಗೇರು ಹಾಕಲೂ ಬರುವುದಿಲ್ಲ. — ಓದುಗರು, ಮೈಸೂರು

ಸ್ಟೇರಿಂಗ್ ಹಿಂದೆ ಕುಳಿತವರನ್ನು ‘ನೀವೇ ಓಡಿಸ್ತೀರಾ’ ಎಂದು ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ. ಪವರ್ ಸ್ಟೇರಿಂಗ್ ಇಲ್ಲದ ದೊಡ್ಡ ಕಾರಿಗೆ ತೋಳ್ಬಲ ಬೇಕೆಂಬ ನಂಬಿಕೆ ಇದರ ಹಿಂದಿದೆ. ನಿಂತಲ್ಲೇ ತಿರುಗಿಸಲು ಹೋದರೆ ಯಾರಿಗಾದರೂ ಕಷ್ಟವೇ. ಚಕ್ರ ಒಂಚೂರು ಉರುಳುತ್ತಿರುವಾಗ ತಿರುಗಿಸಿದರೆ ಎರಡು ಬೆರಳು ಸಾಕು. ಆ ದೊಡ್ಡ ಸ್ಟೇರಿಂಗ್ ಚಕ್ರ ಇರುವುದೇ ಅದಕ್ಕೆ. ನಿಮಗೆ ಇದು ಗೊತ್ತು, ಕೇಳುವವರಿಗೆ ಗೊತ್ತಿಲ್ಲ. ಬಂಕಿನಲ್ಲಿ ಮಗನನ್ನು ಕೇಳಿದವರಿಗೆ ನೀವು ಉತ್ತರಿಸಬೇಡಿ, ಮಗನೇ ‘ಅಮ್ಮನ್ನ ಕೇಳಿ, ನಂಗೆ ಗೇರ್ ಹಾಕಕ್ಕೇ ಬರಲ್ಲ’ ಎನ್ನಲಿ. ಅವನಿಗೆ ಸ್ಟೇರಿಂಗ್ ಪಕ್ಕದ ಹ್ಯಾಂಡ್ ಗೇರು ಕಲಿಸುವುದನ್ನು ಮುಂದೂಡಲು ಇದಕ್ಕಿಂತ ಒಳ್ಳೆಯ ನೆಪ ಸಿಗದು.

ನಮ್ಮ ಬಳಿ 1956ರ ಪ್ಲಿಮತ್ ಇದೆ. ಮದುವೆಯ ತಿಂಗಳು ಬಂದರೆ ನೆಂಟರು, ನೆಂಟರ ನೆಂಟರು ಎಲ್ಲರೂ ಮದುಮಕ್ಕಳಿಗೆ ಕಾರು ಕೇಳುತ್ತಾರೆ. ಕೊಡದಿದ್ದರೆ ಮುನಿಸು. ಕೆಲವರು ಬಾಡಿಗೆ ಕೊಡುತ್ತೇವೆ ಎನ್ನುತ್ತಾರೆ. — ಓದುಗರು, ದಾವಣಗೆರೆ

ಬಾಡಿಗೆಯ ಮಾತನ್ನು ಮೊದಲು ಮುಗಿಸೋಣ. ಖಾಸಗಿ ನೋಂದಣಿಯ ಕಾರನ್ನು ಬಾಡಿಗೆಗೆ ಓಡಿಸುವಂತಿಲ್ಲ. ನಿಮ್ಮ ವಿಮೆಯೂ ಬಾಡಿಗೆ ಓಟಕ್ಕೆ ಅನ್ವಯಿಸುವುದಿಲ್ಲ, ದಿಬ್ಬಣದಲ್ಲಿ ಯಾರಿಗಾದರೂ ತಗುಲಿದರೆ ಹೊರೆ ನಿಮ್ಮ ತಲೆಗೆ. 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರಗಳುಳ್ಳ ವಿಂಟೇಜ್ ನೋಂದಣಿ ಮಾಡಿಸಿಕೊಂಡಿದ್ದರಂತೂ ಇನ್ನೂ ಬಿಗಿ. ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು ಮತ್ತು ರಿಪೇರಿಗೆ ಬಿಟ್ಟರೆ ರಸ್ತೆಗಿಳಿಸುವಂತಿಲ್ಲ, ವ್ಯಾಪಾರಕ್ಕಂತೂ ಸಲ್ಲದು. ಬಾಡಿಗೆ ಕೊಡುತ್ತೇವೆ ಎನ್ನುವವರಿಗೆ ಕಾನೂನನ್ನು ಮುಂದಿಟ್ಟು ಕೈಮುಗಿಯಿರಿ. ಮುನಿಸು ಸರ್ಕಾರದ ಮೇಲೆ ಹೋಗುತ್ತದೆ.

ಬಾಡಿಗೆಯಿಲ್ಲದೆ ಪ್ರೀತಿಯಿಂದ ಕೇಳುವವರದ್ದೇ ನಿಜವಾದ ಕಷ್ಟ. ಒಮ್ಮೆ ನನ್ನ ಷಡ್ಡಕರ ಮಗಳ ಮದುವೆಗೆ ಡಾಡ್ಜ್ ಕೊಂಡೊಯ್ದಿದ್ದೆ. ಅಲಂಕಾರ ಮಾಡುವ ಹುಡುಗರು ಸೇವಂತಿಗೆಯ ಪರದೆಯೊಂದನ್ನು ಮುಂಭಾಗದ ಗ್ರಿಲ್ಲಿಗೆ ಮೇಲಿನಿಂದ ಕೆಳಗಿನವರೆಗೆ ಇಳಿಬಿಟ್ಟರು. ನೋಡಲು ದೇವರ ಮಂಟಪದ ಹಾಗಿತ್ತು. ವಾದ್ಯದವರ ಹಿಂದೆ ನಡಿಗೆಯ ವೇಗದಲ್ಲಿ ಅರ್ಧ ಗಂಟೆ ಹೋದೆವು. ಆ ಕಾರಿನಲ್ಲಿ ಫ್ಯಾನು ತಿರುಗುವುದು ಎಂಜಿನ್ನಿನ ಬೆಲ್ಟಿನಿಂದ, ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಅದರ ಮೇಲೆ ಗಾಳಿ ಬರುವ ದಾರಿಗೆ ಹೂವಿನ ಗೋಡೆ. ಛತ್ರಕ್ಕೆ ಇನ್ನೂರು ಮೀಟರ್ ಇರುವಾಗ ರೇಡಿಯೇಟರ್ ಕುದಿದು ಆವಿ ಎದ್ದಿತು. ಮದುಮಗನ ಅಜ್ಜಿ ಅದನ್ನು ಧೂಪದ ಏರ್ಪಾಟು ಎಂದುಕೊಂಡು ಕೈಮುಗಿದರು. ಇಳಿದು ನಡೆದ ಮದುಮಗಳು ನನ್ನನ್ನು ನೋಡಿದ ನೋಟ ಮರೆತಿಲ್ಲ. ಬಣ್ಣದ ಮೇಲೆ ಅಂಟಿಸಿದ್ದ ಟೇಪು ಕೀಳುವಾಗ ಬಾನೆಟ್ಟಿನಲ್ಲಿ ಅಂಗೈಯಗಲದ ಪೇಂಟೂ ಎದ್ದುಬಂತು.

ಈಗ ನಾನು ಇಟ್ಟುಕೊಂಡಿರುವ ಷರತ್ತುಗಳು ಹೀಗಿವೆ: ಹತ್ತಿರದ ಬಂಧುಗಳಿಗೆ ಮಾತ್ರ, ನಾನೇ ಓಡಿಸಬೇಕು, ಮೆರವಣಿಗೆ ಇಲ್ಲ, ಮನೆಯಿಂದ ಛತ್ರಕ್ಕೆ ನೇರ ಓಟ, ಗ್ರಿಲ್ಲಿಗೆ ಹೂವಿಲ್ಲ, ಟೇಪಿನ ಬದಲು ದಾರ. ಷರತ್ತು ಕೇಳಿದ ಮೇಲೆ ಅರ್ಧ ಜನ ತಾವಾಗಿಯೇ ಹಿಂದೆ ಸರಿಯುತ್ತಾರೆ. ಹೂವಿನ ಮಾತು ಬಂದದ್ದರಿಂದ ಹೇಳುತ್ತೇನೆ: ಆಯುಧಪೂಜೆಯ ದಿನ ನಮ್ಮ ಹೂವಿನ ಅಂಗಡಿಯಾಕೆ ನನ್ನ ಕಾರನ್ನು ಕಂಡರೆ ಮೊಳದ ಲೆಕ್ಕ ಬಿಟ್ಟು ಮಾರಿನ ಲೆಕ್ಕಕ್ಕೆ ಇಳಿಯುತ್ತಾಳೆ. ಅವಳ ಮಟ್ಟಿಗೆ ದೊಡ್ಡ ಕಾರಿನಷ್ಟು ಒಳ್ಳೆಯದು ಬೇರೊಂದಿಲ್ಲ.

ಕಾರನ್ನು ನಿಲ್ಲಿಸಿದರೆ ಜನ ಮುಟ್ಟುತ್ತಾರೆ, ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ, ಮಕ್ಕಳನ್ನು ಬಾನೆಟ್ಟಿನ ಮೇಲೆ ಕೂರಿಸುತ್ತಾರೆ. ಬೈದರೆ ‘ಅಷ್ಟು ಜಂಬವೇ’ ಎನ್ನುತ್ತಾರೆ. ಗೊತ್ತಿಲ್ಲದ ಮೆಕ್ಯಾನಿಕ್ಕುಗಳೂ ಕೈಹಾಕಲು ಬರುತ್ತಾರೆ. ಹೇಗೆ ತಡೆಯುವುದು? — ಓದುಗರು, ಧಾರವಾಡ

ಬಾನೆಟ್ಟಿನ ಮೇಲೆ ಮಕ್ಕಳನ್ನು ಕೂರಿಸುವುದನ್ನು ತಡೆಯಲು ನಾನು ಬಾಗಿಲು ತೆರೆಯುತ್ತೇನೆ. ‘ಮೇಲೆ ಬೇಡ, ಬಿಸಿ ಇದೆ, ಒಳಗೆ ಕೂರಿಸಿ’ ಎಂದರೆ ಯಾರಿಗೂ ಅವಮಾನವಾಗುವುದಿಲ್ಲ. ಮಗು ಸ್ಟೇರಿಂಗ್ ಹಿಡಿಯುತ್ತದೆ, ಅಪ್ಪ ಫೋಟೋ ತೆಗೆಯುತ್ತಾನೆ, ಬಣ್ಣ ಉಳಿಯುತ್ತದೆ. ಒರಗುವವರ ವಿಷಯದಲ್ಲಿ ಪ್ಯಾಂಟಿನ ಗುಂಡಿ, ಬೆಲ್ಟಿನ ಬಕಲ್ ಇವು ಗೀರುತ್ತವೆ ಎಂದು ಸಮಾಧಾನವಾಗಿ ಹೇಳಿ. ದೊಡ್ಡ ಕಾರು ಹೊರತೆಗೆದ ದಿನ ಪ್ರತಿ ನಿಲುಗಡೆಗೂ ಹತ್ತು ನಿಮಿಷ ಹೆಚ್ಚು ಇಟ್ಟುಕೊಳ್ಳಬೇಕು. ಅದಿಲ್ಲದ ದಿನ, ಅವಸರದ ಕೆಲಸವಿದ್ದ ದಿನ, ಬೇರೆ ಗಾಡಿಯಲ್ಲಿ ಹೋಗಿ. ಜನರನ್ನು ಬೈಯುವವರಲ್ಲಿ ಹೆಚ್ಚಿನವರು ತಡವಾಗಿ ಹೊರಟವರೇ, ನಾನೂ ಸೇರಿದಂತೆ.

ಕೈಹಾಕಲು ಬರುವವರ ಬಗ್ಗೆ ಮಾತ್ರ ಒಂದೇ ಉತ್ತರ ಕೊಡಲಾರೆ, ಏಕೆಂದರೆ ನನಗೆ ಎರಡೂ ಬಗೆಯವರು ಸಿಕ್ಕಿದ್ದಾರೆ. ತಿಪಟೂರಿನ ಆಚೆ ಒಂದು ಪಂಕ್ಚರ್ ಅಂಗಡಿಯಲ್ಲಿ ಎಡಗಡೆಯ ಹಿಂದಿನ ಚಕ್ರ ಬಿಚ್ಚಲು ಹೇಳಿ ನಾನು ಚಹಾ ಕುಡಿಯಲು ಹೋದೆ. ಆ ಕಾಲದ ಡಾಡ್ಜ್, ಪ್ಲಿಮತ್ ಕಾರುಗಳಲ್ಲಿ ಎಡಬದಿಯ ಚಕ್ರದ ಬೋಲ್ಟುಗಳು ಉಲ್ಟಾ ಥ್ರೆಡ್ಡಿನವು, ಬಿಚ್ಚಬೇಕಾದರೆ ಬಿಗಿ ಮಾಡುವ ಕಡೆಗೆ ತಿರುಗಿಸಬೇಕು. ಹುಡುಗನಿಗೆ ಅದು ಹೇಗೆ ಗೊತ್ತಾಗಬೇಕು? ಸ್ಪ್ಯಾನರಿನ ಮೇಲೆ ನಿಂತು ಕುಣಿದ, ಬೋಲ್ಟಿನ ತಲೆ ಮುರಿಯಿತು. ‘ನಿಮ್ ಗಾಡೀನೇ ಸರಿ ಇಲ್ಲ’ ಎಂದು ನನಗೇ ಜೋರು ಮಾಡಿದ. ಸುತ್ತ ಸೇರಿದ್ದ ಏಳೆಂಟು ಜನ ಅವನ ಪರವಾಗಿ ನಿಂತರು. ತಪ್ಪು ನನ್ನದೇ, ಚಹಾಕ್ಕೆ ಹೋಗುವ ಮೊದಲು ಹೇಳಬೇಕಿತ್ತು. ಈಗ ಎಡಬದಿಯ ಚಕ್ರಗಳ ಮೇಲೆ ಬಿಳಿ ಬಣ್ಣದಲ್ಲಿ ‘ಉಲ್ಟಾ’ ಎಂದು ಬರೆಸಿದ್ದೇನೆ. ಅದನ್ನು ಓದಿದವರು ಬೇರೆ ಅರ್ಥ ಮಾಡಿಕೊಂಡು ನಗುತ್ತಾರೆ, ನಗಲಿ.

ಇನ್ನೊಂದು ಏಪ್ರಿಲ್ ಮಧ್ಯಾಹ್ನ ಕಡೂರಿನ ಬಳಿ ಕಾರು ನಿಂತುಬಿಟ್ಟಿತು. ಬಾನೆಟ್ ಎತ್ತಿ ನಿಂತಿದ್ದೆ. ಎಂಬತ್ತರ ಆಸುಪಾಸಿನ ಮುದುಕರೊಬ್ಬರು ಎದುರಿನ ಗೂಡಂಗಡಿಯಿಂದ ಎದ್ದು ಬಂದರು. ಒಂದು ಮಾತೂ ಆಡದೆ ಬಾಗಿ ಎಂಜಿನ್ನಿನ ಪಕ್ಕ ನೋಡಿದರು, ಹಿಂದಕ್ಕೆ ಹೋಗಿ ಹರಿದ ಗೋಣಿಚೀಲವನ್ನು ಕೊಡದ ನೀರಿನಲ್ಲಿ ಅದ್ದಿ ತಂದು ಪೆಟ್ರೋಲ್ ಪಂಪಿನ ಮೇಲೆ ಹೊದಿಸಿದರು. ‘ಗಾಳಿ ಕಟ್ಕಂಡದೆ. ಒಂದು ಬೀಡಿ ಸೇದೋವಷ್ಟು ಹೊತ್ತು ಬಿಡಿ ಸ್ವಾಮಿ’ ಎಂದರು. ಬಿಸಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಪಂಪು ಎಳೆಯಲಾರದೆ ಹೋಗುವ ಈ ತೊಂದರೆಯನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಆದರೂ ಆ ಹೊತ್ತಿಗೆ ಹೊಳೆದಿರಲಿಲ್ಲ. ಅವರು ಹುಡುಗನಾಗಿದ್ದಾಗ ಮಲೆನಾಡಿನ ಸರ್ವಿಸ್ ಕಾರೊಂದರಲ್ಲಿ ಕ್ಲೀನರ್ ಆಗಿದ್ದರಂತೆ, ಹತ್ತು ಹನ್ನೆರಡು ಜನರನ್ನು ತುಂಬಿಕೊಂಡು ಘಾಟಿ ಹತ್ತುತ್ತಿದ್ದ ದೊಡ್ಡ ಅಮೆರಿಕನ್ ಗಾಡಿಯಂತೆ. ಬೀಡಿ ಮುಗಿಯಿತು, ಕಾರು ಹೊರಟಿತು. ಕೂರುವಿರಾ ಎಂದು ಕೇಳಿದೆ. ‘ಕ್ಲೀನರ್ ಜಾಗ ಇಲ್ವಲ್ಲ’ ಎಂದು ಫುಟ್‌ಬೋರ್ಡಿಗಾಗಿ ಬಾಗಿಲ ಕೆಳಗೆ ಹುಡುಕಿದರು. ನನ್ನ ಕಾರಿಗೆ ಅದಿಲ್ಲ.

ಆದ್ದರಿಂದ ಕೈಹಾಕಲು ಬಂದವರನ್ನು ಕೂಡಲೇ ತಡೆಯಬೇಡಿ. ಮೊದಲು ಅವರು ಎಲ್ಲಿ ನೋಡುತ್ತಾರೆ ಎಂಬುದನ್ನು ಗಮನಿಸಿ; ಸ್ಪ್ಯಾನರಿಗೆ ಕೈಹಾಕುವ ಮೊದಲು ಎಂಜಿನ್ನನ್ನು ಒಮ್ಮೆ ಪೂರ್ತಿ ನೋಡುವವರಿಗೆ ಸಾಮಾನ್ಯವಾಗಿ ಕೆಲಸ ಗೊತ್ತಿರುತ್ತದೆ.

ಹದಿನೈದು ವರ್ಷ ದಾಟಿದ ಗಾಡಿಗಳನ್ನೆಲ್ಲ ಸರ್ಕಾರ ಗುಜರಿಗೆ ಹಾಕಿಸುತ್ತದೆ, ಬೇಗ ಮಾರಿಬಿಡು ಎಂದು ಬೀಗರು ಹೆದರಿಸುತ್ತಿದ್ದಾರೆ. ನಿಜವೇ? — ಓದುಗರು, ಬೆಂಗಳೂರು

ಬೀಗರು ಎರಡು ಸುದ್ದಿಗಳನ್ನು ಬೆರೆಸಿದ್ದಾರೆ. 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧದ ಆದೇಶಗಳು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದವು. 2023ರ ಏಪ್ರಿಲ್ 1ರಿಂದ ನೋಂದಣಿ ನವೀಕರಣ ಸಿಗದಿರುವುದು ಸರ್ಕಾರದ್ದೇ ಆದ, 15 ವರ್ಷ ದಾಟಿದ ವಾಹನಗಳಿಗೆ. ನಿಮ್ಮ ಖಾಸಗಿ ಕಾರು ತಪಾಸಣೆಯಲ್ಲಿ ತೇರ್ಗಡೆಯಾದರೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬಹುದು. 50 ವರ್ಷ ದಾಟಿ, ಮೂಲರೂಪ ಉಳಿದಿದ್ದರೆ ವಿಂಟೇಜ್ ನೋಂದಣಿಯ ದಾರಿಯೂ ಇದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಬಳಿಕ ಮರುನೋಂದಣಿಗೆ 5,000 ರೂಪಾಯಿ ಎಂದು 2021ರ ನಿಯಮ ಗೊತ್ತುಮಾಡಿದೆ. ಮೈಸೂರು ರಾಜ್ಯದ ಕಾಲದ ಹಳೆಯ ‘ಎಂವೈ’ ನಂಬರು ಇದ್ದವರು ಅದನ್ನೇ ಉಳಿಸಿಕೊಳ್ಳಲೂ ಅವಕಾಶವಿದೆ. ಬೀಗರು ‘ಬೇಗ ಮಾರು’ ಎನ್ನುವಾಗ ಕೊಳ್ಳುವವರನ್ನೂ ತಾವೇ ಗೊತ್ತುಮಾಡಿದ್ದಾರೆಯೇ ಎಂದು ಒಮ್ಮೆ ವಿಚಾರಿಸಿ.

ನಮ್ಮದು 1964ರ ಡಾಡ್ಜ್. ಊರಿನವರೆಲ್ಲ ಮೆಚ್ಚುತ್ತಾರೆ, ನನ್ನ ಮಗಳಿಗೆ ಮಾತ್ರ ನಾಚಿಕೆ. ಕಾಲೇಜಿನ ಗೇಟಿನ ಮುಂದೆ ಇಳಿಸಬೇಡ ಎನ್ನುತ್ತಾಳೆ, ಒಂದು ತಿರುವು ಹಿಂದೆಯೇ ಇಳಿಯುತ್ತಾಳೆ. — ಓದುಗರು, ತುಮಕೂರು

ಕಾರು ನಿಮ್ಮ ಆಯ್ಕೆ, ಅವಳದ್ದಲ್ಲ. ಗೇಟಿನ ಮುಂದೆ ಇನ್ನೂರು ಜೊತೆ ಕಣ್ಣು ತಿರುಗುವುದು ನಿಮಗೆ ಹಿತವೆನಿಸಬಹುದು, ಹದಿನೆಂಟರ ಹುಡುಗಿಗೆ ಅದು ಬೇಡದ ವೇದಿಕೆ. ನಮ್ಮ ಪತ್ರಗಳಲ್ಲೆಲ್ಲ ಬೇರೆಯವರ ಪ್ರತಿಕ್ರಿಯೆಯ ಮಾತೇ ತುಂಬಿದೆ. ಒಳಗೆ ಕುಳಿತವರನ್ನು ನಾವು ಯಾರೂ ಕೇಳಿಲ್ಲ. ತಿರುವಿನಲ್ಲೇ ಇಳಿಸಿ, ಅದರ ಬಗ್ಗೆ ಮನೆಯಲ್ಲಿ ತಮಾಷೆ ಮಾಡಬೇಡಿ. ನನ್ನ ಮಗನೂ ನಾಲ್ಕು ವರ್ಷ ಬಸ್ ನಿಲ್ದಾಣದ ಹಿಂದೆ ಇಳಿಯುತ್ತಿದ್ದ. ಈಗ ಬೇರೆ ಊರಿನಲ್ಲಿದ್ದಾನೆ. ಫೋನು ಮಾಡಿದಾಗ ನನ್ನ ಆರೋಗ್ಯ ವಿಚಾರಿಸಿದ ಮೇಲೆ, ‘ಗಾಡಿ ಈ ವಾರ ಸ್ಟಾರ್ಟ್ ಮಾಡಿದ್ರಾ?’ ಎಂದು ಕೇಳುತ್ತಾನೆ.